ನಿಂತೇ ಇರುವ ಕಾರಿನ ಬ್ಯಾಟರಿ ಇಳಿಯದಂತೆ ನೋಡಿಕೊಳ್ಳುವುದು ಹೇಗೆ?

ಕಾರು ಓಡಿಸದಿದ್ದರೆ ವಾರಕ್ಕೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಬಿಟ್ಟರೆ ಸಾಕು, ಬ್ಯಾಟರಿ ಚೆನ್ನಾಗಿರುತ್ತದೆ ಎಂಬ ಸಲಹೆಯನ್ನು ಯಾರನ್ನು ಕೇಳಿದರೂ ಕೊಡುತ್ತಾರೆ. ಲೆಕ್ಕ ಹಾಕಿ ನೋಡಿದರೆ ಇದು ಸರಿಹೋಗುವುದಿಲ್ಲ.

ಕಾರು ಲಾಕ್ ಆಗಿ ನಿಂತಿದ್ದರೂ ಅಲಾರಂ, ರಿಮೋಟ್ ಲಾಕ್‌ನ ರಿಸೀವರ್, ಗಡಿಯಾರ, ಇಸಿಯು (ಕಾರಿನೊಳಗಿನ ಕಂಪ್ಯೂಟರ್) ಮೆಮೊರಿ ಎಲ್ಲವೂ ಬ್ಯಾಟರಿಯಿಂದ ಸ್ವಲ್ಪ ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತವೆ. ಸರಿಯಾಗಿರುವ ಕಾರಿನಲ್ಲಿ ಇದು ಸಾಮಾನ್ಯವಾಗಿ 20ರಿಂದ 50 ಮಿಲಿಆಂಪಿಯರ್. 30 ಎಂದೇ ಹಿಡಿಯೋಣ. ದಿನಕ್ಕೆ 0.72 ಆಂಪಿಯರ್-ಅವರ್ (ಎಎಚ್; ಒಂದು ಆಂಪಿಯರ್ ಒಂದು ಗಂಟೆ ಹರಿದರೆ 1 ಎಎಚ್), ವಾರಕ್ಕೆ ಸುಮಾರು 5 ಎಎಚ್ ಖರ್ಚು. ಇನ್ನು ಐಡ್ಲಿಂಗ್‌ನಲ್ಲಿ (ಕಾರು ನಿಂತಲ್ಲೇ ಇಂಜಿನ್ ಓಡುವಾಗ) ಆಲ್ಟರ್ನೇಟರ್, ಅಂದರೆ ಇಂಜಿನ್ ತಿರುಗಿಸುವ ಜನರೇಟರ್, ಕೊಡುವ ಕರೆಂಟ್‌ನಲ್ಲಿ ಒಂದು ಪಾಲು ಫ್ಯುಯೆಲ್ ಪಂಪ್, ಇಗ್ನಿಷನ್, ಫ್ಯಾನ್‌ಗಳಿಗೇ ಹೋಗುತ್ತದೆ. ಬ್ಯಾಟರಿಗೆ 10-12 ಆಂಪಿಯರ್ ಸಿಕ್ಕಿತು ಅಂದುಕೊಂಡರೂ ಹತ್ತು ನಿಮಿಷದಲ್ಲಿ ತುಂಬುವುದು ಬರೀ 2 ಎಎಚ್. ಐದು ಹೋಯಿತು, ಎರಡು ಬಂತು. ಪ್ರತಿ ವಾರ ಮೂರು ಬಾಕಿ. ಎರಡು ತಿಂಗಳಲ್ಲಿ ಸೆಲ್ಫ್ ಹೊಡೆಯುವುದು ನಿಲ್ಲಬಹುದು, ಆದರೆ ಮಾಲೀಕರಿಗೆ ಮಾತ್ರ ತಾವು ಸರಿಯಾಗಿಯೇ ನೋಡಿಕೊಂಡಿದ್ದೇವೆ ಎಂಬ ಸಮಾಧಾನ.

ತಪ್ಪು ಸ್ಟಾರ್ಟ್ ಮಾಡುವುದರಲ್ಲಿಲ್ಲ. ಸ್ಟಾರ್ಟರ್ ಮೋಟಾರ್ 200 ಆಂಪಿಯರ್ ಎಳೆದರೂ ಅದು ಎರಡು ಸೆಕೆಂಡಿನ ಕೆಲಸ, ಖರ್ಚಾಗುವುದು 0.1 ಎಎಚ್ ಆಸುಪಾಸು. ತೊಂದರೆ ಇರುವುದು ತುಂಬಿಸುವ ಕಡೆ. ಲೆಡ್-ಆಸಿಡ್ ಬ್ಯಾಟರಿ ಖಾಲಿ ಇರುವಾಗ ಬೇಗ ಬೇಗ ಚಾರ್ಜ್ ತೆಗೆದುಕೊಳ್ಳುತ್ತದೆ, ಆದರೆ ಕೊನೆಯ ಶೇ 20ರಷ್ಟು ತುಂಬಲು ಗಂಟೆಗಟ್ಟಲೆ ಬೇಕು. ಜೊತೆಗೆ ತಣ್ಣಗಿನ ಇಂಜಿನ್ ಹತ್ತು ನಿಮಿಷ ಓಡಿ ನಿಂತರೆ ಸೈಲೆನ್ಸರ್‌ನಲ್ಲಿ ನೀರು ಕೂರುತ್ತದೆ, ಇಂಜಿನ್ ಆಯಿಲ್‌ಗೆ ಪೆಟ್ರೋಲ್ ಬೆರೆಯುತ್ತದೆ. ಓಡಿಸುವುದಾದರೆ ರಸ್ತೆಗಿಳಿಸಿ, ವಾರಕ್ಕೊಮ್ಮೆ 30-45 ನಿಮಿಷ, ಎಸಿ ಮತ್ತು ಹೆಡ್‌ಲೈಟ್ ಆಫ್ ಮಾಡಿ ಓಡಿಸಿ. ಅದಾಗದಿದ್ದರೆ ಸುಮ್ಮನೆ ಸ್ಟಾರ್ಟ್ ಮಾಡಿ ನಿಲ್ಲಿಸುವ ಶಾಸ್ತ್ರ ಬೇಡ. ಕೆಳಗೆ ಹೇಳಿರುವ ದಾರಿಗಳಲ್ಲಿ ಒಂದನ್ನು ಹಿಡಿಯಿರಿ.

ಅರ್ಧ ಇಳಿದ ಬ್ಯಾಟರಿ ಯಾಕೆ ಹಾಳಾಗುತ್ತದೆ

ಬ್ಯಾಟರಿ ಇಳಿಯುವಾಗ ಒಳಗಿನ ಪ್ಲೇಟ್‌ಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ಬೇಗ ಚಾರ್ಜ್ ಮಾಡಿದರೆ ಅದು ಕರಗಿ ಹೋಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಹರಳುಗಟ್ಟಿ ಗಟ್ಟಿಯಾಗಿ, ಮತ್ತೆ ಎಷ್ಟೇ ಚಾರ್ಜ್ ಮಾಡಿದರೂ ಪೂರ್ತಿ ಕರಗುವುದಿಲ್ಲ. ಇದನ್ನೇ ಸಲ್ಫೇಷನ್ ಎನ್ನುವುದು. ಪ್ಲೇಟ್‌ನ ಅಷ್ಟು ಭಾಗ ಕೆಲಸಕ್ಕೆ ಬಾರದಂತಾಗುತ್ತದೆ. ಹಾಗಾಗಿ 45 ಎಎಚ್ ಎಂದು ಮೇಲೆ ಬರೆದಿರುವ ಹಳೆಯ ಬ್ಯಾಟರಿಯಲ್ಲಿ ನಿಜವಾಗಿ 30 ಎಎಚ್ ಮಾತ್ರ ಉಳಿದಿರಬಹುದು. ಅದೇ ಕಾರು, ಅದೇ 30 ಮಿಲಿಆಂಪಿಯರ್: ತಿಂಗಳಿಗೆ ಸುಮಾರು 22 ಎಎಚ್ ಹೋಗುತ್ತದೆ. ಹೊಸ ಬ್ಯಾಟರಿಯಾಗಿದ್ದಾಗ ತಿಂಗಳು ಬಿಟ್ಟು ಬಂದರೂ ಅರ್ಧ ಇರುತ್ತಿತ್ತು, ಈಗ ತಳ ಕಾಣುತ್ತದೆ. ‘ಹೋದ ವರ್ಷ ಇಷ್ಟೇ ದಿನ ನಿಲ್ಲಿಸಿದ್ದೆವು, ಏನೂ ಆಗಿರಲಿಲ್ಲ’ ಎಂಬ ಮಾತಿಗೆ ಉತ್ತರ ಇಲ್ಲಿದೆ.

ಕೇಬಲ್ ಬಿಚ್ಚಿಟ್ಟರೂ ಬ್ಯಾಟರಿ ತಾನಾಗಿಯೇ ಅಲ್ಪಸ್ವಲ್ಪ ಇಳಿಯುತ್ತದೆ. ಮಾಮೂಲಿ ನೀರಿನ ಬ್ಯಾಟರಿಯಲ್ಲಿ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಿಂಗಳಿಗೆ ಶೇ 3-5, ಎಜಿಎಂ ಬ್ಯಾಟರಿಯಲ್ಲಿ (ಆಸಿಡನ್ನು ಗಾಜಿನ ನಾರಿನ ಹಾಳೆ ಹೀರಿಕೊಂಡಿರುವ, ಮುಚ್ಚಿದ ಬ್ಯಾಟರಿ) ಅದಕ್ಕಿಂತ ಕಡಿಮೆ. ಬಿಸಿ 10 ಡಿಗ್ರಿ ಏರಿದರೆ ಈ ಇಳಿತ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿಗಿಂತ ನೆರಳಲ್ಲಿ ನಿಂತ ಕಾರಿನ ಬ್ಯಾಟರಿ ಹೆಚ್ಚು ದಿನ ತಾಳುವುದು ಇದಕ್ಕೇ.

ಮೊದಲು ಅಳೆಯಿರಿ

ಸಾದಾ ಡಿಜಿಟಲ್ ಮಲ್ಟಿಮೀಟರ್ ಸಾಕು. ಕಾರು ಓಡಿಸಿ ನಿಲ್ಲಿಸಿದ ತಕ್ಷಣ ಅಳೆದರೆ 12.9, 13 ಎಂದೆಲ್ಲ ತೋರಿಸುತ್ತದೆ. ಅದು ಪ್ಲೇಟ್‌ನ ಮೇಲ್ಮೈಯಲ್ಲಿ ನಿಂತ ಚಾರ್ಜ್, ನಂಬಬೇಡಿ. ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಅಳೆಯಿರಿ. ಕಾಯಲು ಪುರುಸೊತ್ತಿಲ್ಲದಿದ್ದರೆ ಇಂಜಿನ್ ಆಫ್ ಮಾಡಿ, ಹೆಡ್‌ಲೈಟ್ ಎರಡು ನಿಮಿಷ ಉರಿಸಿ ಆರಿಸಿ, ಐದು ನಿಮಿಷ ಬಿಟ್ಟು ನೋಡಿ. ಮೀಟರ್ ಡಿಸಿ 20 ವೋಲ್ಟ್‌ಗೆ ಇಟ್ಟು ಕೆಂಪು ಕಡ್ಡಿ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ಕಡ್ಡಿಯನ್ನು ಕ್ಲ್ಯಾಂಪ್‌ಗೆ ಮುಟ್ಟಿಸಬೇಡಿ, ನಡುವಿನ ಸೀಸದ ಕಂಬಕ್ಕೇ ಒತ್ತಿ.

- 12.6 ವೋಲ್ಟ್ ಮತ್ತು ಮೇಲೆ: ತುಂಬಿದೆ (ಎಜಿಎಂ ಆದರೆ 12.8 ಬೇಕು)
- 12.4: ಮುಕ್ಕಾಲು. ಈ ಮಟ್ಟಕ್ಕೆ ಬಂದಾಗ ಚಾರ್ಜ್ ಮಾಡಬೇಕು
- 12.2: ಅರ್ಧ
- 12.0: ಕಾಲು ಭಾಗ. ಸೆಲ್ಫ್ ಹೊಡೆದರೆ ಹೊಡೆಯಿತು, ಇಲ್ಲದಿದ್ದರೆ ಇಲ್ಲ
- 11.8ಕ್ಕಿಂತ ಕೆಳಗೆ: ಖಾಲಿ

ಕಾರು ಸ್ಟಾರ್ಟ್ ಆಗುತ್ತಿದೆ ಎಂಬುದನ್ನೇ ಬ್ಯಾಟರಿ ಚೆನ್ನಾಗಿದೆ ಎನ್ನುವುದಕ್ಕೆ ಸಾಕ್ಷಿಯಾಗಿ ಹಿಡಿಯಬೇಡಿ. 12.2ರಲ್ಲೂ ಇಂಜಿನ್ ಜುಮ್ಮನೆ ಎದ್ದು ನಿಲ್ಲುತ್ತದೆ, ಒಳಗೆ ಮಾತ್ರ ಸಲ್ಫೇಷನ್ ನಡೆದಿರುತ್ತದೆ.

ಎಷ್ಟು ದಿನ ನಿಲ್ಲಿಸುತ್ತೀರಿ?

ಎರಡು ವಾರದ ಒಳಗಾದರೆ, ಬ್ಯಾಟರಿ ಮೂರು ವರ್ಷಕ್ಕಿಂತ ಹಳೆಯದಲ್ಲದಿದ್ದರೆ, ಏನೂ ಮಾಡಬೇಕಿಲ್ಲ. ತುಂಬಿಸಿ ನಿಲ್ಲಿಸಿ ಹೋಗಿ. ಡ್ಯಾಶ್‌ಕ್ಯಾಮ್‌ನ ಪಾರ್ಕಿಂಗ್ ಮೋಡ್ ಆಫ್ ಮಾಡಿ, ಸ್ಟೀರಿಂಗ್ ಕೆಳಗಿನ ಒಬಿಡಿ ಪೋರ್ಟ್‌ಗೆ (ಮೆಕ್ಯಾನಿಕ್ ಸ್ಕ್ಯಾನರ್ ಸಿಕ್ಕಿಸುವ ಸಾಕೆಟ್) ಏನಾದರೂ ಸಿಕ್ಕಿಸಿದ್ದರೆ ಕಿತ್ತಿಡಿ, ಡಿಕ್ಕಿಯ ದೀಪ ಆರಿದೆಯೇ ನೋಡಿ. ಕೀ-ಲೆಸ್ ಕಾರಾದರೆ ಕೀಯನ್ನು ಕಾರಿನ ಪಕ್ಕದ ಗೋಡೆಯ ಮೊಳೆಗೆ ತೂಗುಹಾಕಬೇಡಿ. ಕೀ ಹತ್ತಿರವಿದ್ದರೆ ಕೆಲವು ಕಾರುಗಳು ಮತ್ತೆ ಮತ್ತೆ ಎಚ್ಚರಗೊಳ್ಳುತ್ತವೆ.

ಎರಡು ವಾರ ದಾಟಿ, ಹತ್ತಿರದಲ್ಲಿ ಪ್ಲಗ್ ಪಾಯಿಂಟ್ ಇದ್ದರೆ ಮೇಂಟೇನರ್ ಚಾರ್ಜರ್. ಪ್ಲಗ್ ಪಾಯಿಂಟ್ ಇಲ್ಲದೆ ಬಿಸಿಲು ಇದ್ದರೆ ಸೋಲಾರ್. ಎರಡೂ ಇಲ್ಲದಿದ್ದರೆ ಮೈನಸ್ ಕೇಬಲ್ ಬಿಚ್ಚುವುದು. ನಮ್ಮನ್ನು ಕೇಳಿದರೆ, ಪ್ಲಗ್ ಇರುವವರು ಉಳಿದ ಯಾವುದನ್ನೂ ಯೋಚಿಸಬೇಕಿಲ್ಲ.

ಮೇಂಟೇನರ್ ಹಾಕುವ ಕ್ರಮ

ಅಂಗಡಿಯಲ್ಲಿ ‘ಟ್ರಿಕಲ್ ಚಾರ್ಜರ್’ ಎಂದು ಕೊಡುವುದರಲ್ಲಿ ಎರಡು ಜಾತಿ. ಹಳೆಯ ಟ್ರಾನ್ಸ್‌ಫಾರ್ಮರ್ ಚಾರ್ಜರ್ ತುಂಬಿದ ಮೇಲೂ ತಳ್ಳುತ್ತಲೇ ಇರುತ್ತದೆ. ವೋಲ್ಟೇಜ್ 15 ದಾಟಿ ನೀರು ಗುಳ್ಳೆಯೆದ್ದು ಅನಿಲವಾಗಿ ಹೋಗುತ್ತದೆ, ಪ್ಲೇಟ್ ಒಣಗುತ್ತದೆ. ಅದನ್ನು ಹಾಕಿ ಊರಿಗೆ ಹೋಗುವುದೆಂದರೆ ಬ್ಯಾಟರಿಯನ್ನು ಕೈಯಾರೆ ಕೊಂದಂತೆ. ನಿಮಗೆ ಬೇಕಾದದ್ದು ಮೈಕ್ರೊಪ್ರೊಸೆಸರ್ ಇರುವ ಸ್ಮಾರ್ಟ್ ಮೇಂಟೇನರ್. ಅದು 14.4 ವೋಲ್ಟ್‌ವರೆಗೆ ತುಂಬಿಸಿ, ಆಮೇಲೆ 13.2-13.6 ವೋಲ್ಟ್ ಫ್ಲೋಟ್‌ಗೆ (ತುಂಬಿದ್ದನ್ನು ಹಾಗೇ ಹಿಡಿದಿಡುವ ಮಟ್ಟ) ಇಳಿಯುತ್ತದೆ. ತಿಂಗಳುಗಟ್ಟಲೆ ಬಿಟ್ಟರೂ ತೊಂದರೆ ಇಲ್ಲ. ಇಳಿಯದಂತೆ ಹಿಡಿದಿಡಲು 1 ಆಂಪಿಯರ್‌ನದು ಸಾಕು. ಇಳಿದ ಬ್ಯಾಟರಿಯನ್ನು ತುಂಬಿಸಲೂ ಬೇಕೆಂದರೆ ಎಎಚ್‌ನ ಹತ್ತನೇ ಒಂದು ಭಾಗ, ಅಂದರೆ 45 ಎಎಚ್‌ಗೆ 4-5 ಆಂಪಿಯರ್‌ನದು ತೆಗೆದುಕೊಳ್ಳಿ.

1. ಬ್ಯಾಟರಿ ಮೇಲಿನ ಲೇಬಲ್ ಓದಿ. ಸ್ಟಾರ್ಟ್-ಸ್ಟಾಪ್ (ಸಿಗ್ನಲ್‌ನಲ್ಲಿ ನಿಂತಾಗ ಇಂಜಿನ್ ತಾನಾಗಿ ಆರಿ, ಮತ್ತೆ ಏಳುವ ವ್ಯವಸ್ಥೆ) ಇರುವ ಕಾರುಗಳಲ್ಲಿ ಎಜಿಎಂ ಅಥವಾ ಇಎಫ್‌ಬಿ (ಹೆಚ್ಚು ತಾಳಿಕೆಯ ನೀರಿನ ಬ್ಯಾಟರಿ) ಇರುತ್ತದೆ. ಎಜಿಎಂ ಆದರೆ ಚಾರ್ಜರ್‌ನಲ್ಲಿ ಎಜಿಎಂ ಮೋಡ್ ಆರಿಸಿ. ‘ರೀಕಂಡಿಷನ್’ ಅಥವಾ ‘ರಿಪೇರ್’ ಬಟನ್ ಒತ್ತಬೇಡಿ. ಅದು 16 ವೋಲ್ಟ್ ಸಮೀಪಕ್ಕೆ ಏರಿಸುತ್ತದೆ, ಎಜಿಎಂಗೂ ಕಾರಿನ ಎಲೆಕ್ಟ್ರಾನಿಕ್ಸ್‌ಗೂ ಒಳ್ಳೆಯದಲ್ಲ.
2. ಚಾರ್ಜರ್ ಪ್ಲಗ್ ಇನ್ನೂ ಹಾಕದೆ, ಕೆಂಪು ಕ್ಲಿಪ್ ಪ್ಲಸ್‌ಗೆ ಹಾಕಿ.
3. ಕಪ್ಪು ಕ್ಲಿಪ್ ಬಾಡಿಯ ಅಥವಾ ಇಂಜಿನ್‌ನ ಬಣ್ಣವಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ಸ್ವಲ್ಪ ದೂರಕ್ಕೆ. ಇದಕ್ಕೆ ಎರಡು ಕಾರಣ. ಕಿಡಿ ಹಾರಿದರೆ ಬ್ಯಾಟರಿಯ ಹೈಡ್ರೋಜನ್ ಹತ್ತಿರ ಹಾರಬಾರದು. ಇನ್ನು, ಹೊಸ ಕಾರುಗಳ ಮೈನಸ್ ಟರ್ಮಿನಲ್ ಮೇಲೆ ಕರೆಂಟ್ ಎಣಿಸುವ ಸಣ್ಣ ಸೆನ್ಸರ್ ಇರುತ್ತದೆ. ನೇರ ಮೈನಸ್ ಕಂಬಕ್ಕೆ ಹಾಕಿದರೆ ಅದು ಈ ಚಾರ್ಜ್ ಅನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬ್ಯಾಟರಿ ತುಂಬಿದ್ದರೂ ಸ್ಟಾರ್ಟ್-ಸ್ಟಾಪ್ ಕೆಲಸ ಮಾಡದೇ ಇರುವುದು ಹೀಗೆ.
4. ಈಗ ಪ್ಲಗ್ ಹಾಕಿ ಸ್ವಿಚ್ ಒತ್ತಿ. ತೆಗೆಯುವಾಗ ಮೊದಲು ಪ್ಲಗ್, ಆಮೇಲೆ ಕಪ್ಪು, ಕೊನೆಗೆ ಕೆಂಪು.
5. ಮೊದಲ ಒಂದೆರಡು ಗಂಟೆ ಹತ್ತಿರವೇ ಇರಿ. ಬ್ಯಾಟರಿಯ ಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿಯಾದರೆ ಅಥವಾ ಕೊಳೆತ ಮೊಟ್ಟೆಯ ವಾಸನೆ ಬಂದರೆ ತಕ್ಷಣ ಪ್ಲಗ್ ತೆಗೆಯಿರಿ, ಒಳಗಿನ ಸೆಲ್ ಕೆಟ್ಟಿದೆ.

ಮುಚ್ಚಿದ ಗ್ಯಾರೇಜ್‌ನಲ್ಲಿ ಚಾರ್ಜ್ ಮಾಡುವಾಗ ಕಿಟಕಿ ತೆರೆದಿಡಿ. ಗಾಳಿಯಲ್ಲಿ ಹೈಡ್ರೋಜನ್ ಶೇ 4 ಮುಟ್ಟಿದರೆ ಒಂದು ಕಿಡಿ ಸಾಕು. ಬೀಡಿ, ಸಿಗರೇಟು ಹತ್ತಿರ ಬೇಡ.

ಲಿಥಿಯಂ 12 ವೋಲ್ಟ್ ಬ್ಯಾಟರಿ ಹಾಕಿಸಿಕೊಂಡಿದ್ದರೆ ಮೇಲಿನ ಯಾವ ಅಂಕಿಯೂ ಅದಕ್ಕೆ ಅನ್ವಯಿಸುವುದಿಲ್ಲ. ಅದಕ್ಕೆ ಅದರದ್ದೇ ಚಾರ್ಜರ್.

ಸೋಲಾರ್ ಪ್ಯಾನೆಲ್

10 ವ್ಯಾಟ್ ಪ್ಯಾನೆಲ್ ಒಳ್ಳೆಯ ಬಿಸಿಲಲ್ಲಿ ಸುಮಾರು 0.5 ಆಂಪಿಯರ್ ಕೊಡುತ್ತದೆ. ನಾಲ್ಕು ಗಂಟೆ ನೇರ ಬಿಸಿಲು ಬಿದ್ದರೆ ದಿನಕ್ಕೆ 2 ಎಎಚ್, ನಿಂತ ಕಾರಿನ 0.72 ಎಎಚ್‌ಗೆ ಬೇಕಾದಷ್ಟಾಯಿತು. 1.5-2 ವ್ಯಾಟ್‌ನ ಆಟಿಕೆಯಂಥ ಪ್ಯಾನೆಲ್ ಆ ಖರ್ಚನ್ನೂ ಭರಿಸುವುದಿಲ್ಲ. ವಿಂಡ್‌ಶೀಲ್ಡ್ ಒಳಗೆ ಇಟ್ಟರೆ ಗಾಜೇ ಒಂದು ಪಾಲು ಬೆಳಕನ್ನು ತಡೆಯುತ್ತದೆ, ಧೂಳು ಇನ್ನೊಂದು ಪಾಲು. ಕಾರಿಗೆ ಕವರ್ ಹಾಕಿಬಿಟ್ಟರೆ ಕೇಳುವುದೇ ಬೇಡ.

ಇಲ್ಲಿ ಹೆಚ್ಚಿನವರು ಎಡವುವುದು ಸಿಗರೇಟ್ ಲೈಟರ್ ಸಾಕೆಟ್ ವಿಷಯದಲ್ಲಿ. ಪ್ಯಾನೆಲ್ ವೈರನ್ನು ಅದಕ್ಕೆ ಸಿಕ್ಕಿಸಿ ಹೋಗುತ್ತಾರೆ, ಆದರೆ ಬಹಳಷ್ಟು ಕಾರುಗಳಲ್ಲಿ ಇಗ್ನಿಷನ್ ಆಫ್ ಆದ ಕೂಡಲೇ ಆ ಸಾಕೆಟ್ ಬ್ಯಾಟರಿಯಿಂದ ಕಡಿದುಹೋಗುತ್ತದೆ. ಪ್ಯಾನೆಲ್ ಮೇಲಿನ ಹಸಿರು ದೀಪ ಮಿನುಗುತ್ತಿರುತ್ತದೆ, ಬ್ಯಾಟರಿಗೆ ಮಾತ್ರ ಏನೂ ಹೋಗುತ್ತಿರುವುದಿಲ್ಲ. ಕೀ ತೆಗೆದು ಸಾಕೆಟ್‌ನಲ್ಲಿ ಫೋನ್ ಚಾರ್ಜರ್ ಹಾಕಿ ಪರೀಕ್ಷಿಸಿ. ಫೋನ್ ಚಾರ್ಜ್ ಆಗದಿದ್ದರೆ ಪ್ಯಾನೆಲ್‌ನಿಂದ ನೇರ ಬ್ಯಾಟರಿಗೆ, ಪ್ಲಸ್ ವೈರಿನಲ್ಲಿ ಬ್ಯಾಟರಿಯ ಹತ್ತಿರ 5 ಆಂಪಿಯರ್ ಫ್ಯೂಸ್ ಹಾಕಿ ಜೋಡಿಸಿ. 5 ವ್ಯಾಟ್‌ಗಿಂತ ದೊಡ್ಡ ಪ್ಯಾನೆಲ್ ಆದರೆ ನಡುವೆ ಚಾರ್ಜ್ ಕಂಟ್ರೋಲರ್ ಇರಲಿ. 12 ವೋಲ್ಟ್ ಎಂದು ಬರೆದ ಪ್ಯಾನೆಲ್ ಬಿಸಿಲಲ್ಲಿ ಖಾಲಿ ನಿಂತಾಗ 20 ವೋಲ್ಟ್ ಆಸುಪಾಸು ಕೊಡುತ್ತದೆ, ತುಂಬಿದ ಬ್ಯಾಟರಿಗೆ ಅದು ಅತಿಯಾಯಿತು.

ಮೈನಸ್ ಕೇಬಲ್ ಬಿಚ್ಚುವುದು

ಬಿಚ್ಚುವ ಮೊದಲು ಒಂದು ಪ್ರಶ್ನೆ: ಮತ್ತೆ ಬಾಗಿಲು ತೆರೆಯುವುದು ಹೇಗೆ? ರಿಮೋಟ್ ಆಗ ಕೆಲಸ ಮಾಡುವುದಿಲ್ಲ. ರಿಮೋಟ್ ಒಳಗೆ ಅಡಗಿರುವ ಲೋಹದ ಕೀ ತೆಗೆದು, ಅದು ಬಾಗಿಲಿನ ಬೀಗದಲ್ಲಿ ತಿರುಗುತ್ತದೆಯೇ ಎಂದು ಈಗಲೇ ನೋಡಿ. ವರ್ಷಗಟ್ಟಲೆ ಬಳಸದ ಬೀಗ ಬಿಗಿದುಕೊಂಡಿರುವುದು ಮಾಮೂಲು. ಬ್ಯಾಟರಿ ಡಿಕ್ಕಿಯಲ್ಲಿದ್ದು, ಡಿಕ್ಕಿ ಕರೆಂಟಿನಿಂದ ಮಾತ್ರ ತೆರೆಯುವಂಥದ್ದಾದರೆ ಈ ದಾರಿಯೇ ಬೇಡ. ಸ್ಟೀರಿಯೊಗೆ ಕೋಡ್ ಇದ್ದರೆ ಬರೆದಿಟ್ಟುಕೊಳ್ಳಿ.

ಇಗ್ನಿಷನ್ ಆಫ್ ಮಾಡಿ ಹತ್ತು-ಹದಿನೈದು ನಿಮಿಷ ಕಾಯಿರಿ. ಇಸಿಯುಗಳು ಮಲಗಲಿ, ಫ್ಯಾನ್ ನಿಲ್ಲಲಿ. ಆಡ್‌ಬ್ಲೂ (ಹೊಗೆ ಶುದ್ಧ ಮಾಡುವ ದ್ರವ) ಹಾಕುವ ಡೀಸೆಲ್ ಕಾರುಗಳಲ್ಲಿ ಇಂಜಿನ್ ನಿಂತ ಮೇಲೂ ಪಂಪ್ ಪೈಪ್ ಖಾಲಿ ಮಾಡುತ್ತಿರುತ್ತದೆ, ಅದು ಮುಗಿಯಲೇಬೇಕು. ಬೆರಳಿನ ಉಂಗುರ, ಲೋಹದ ವಾಚ್ ತೆಗೆಯಿರಿ. ಸಾಮಾನ್ಯವಾಗಿ 10 ಎಂಎಂ ಸ್ಪ್ಯಾನರ್ ಬೇಕಾಗುತ್ತದೆ. ಮೈನಸ್ ಮೊದಲು, ಯಾವಾಗಲೂ. ಪ್ಲಸ್ ಸಡಿಲಿಸುವಾಗ ಸ್ಪ್ಯಾನರ್‌ನ ಇನ್ನೊಂದು ತುದಿ ಬಾಡಿಗೆ ತಗುಲಿದರೆ ನೂರಾರು ಆಂಪಿಯರ್ ಅದರ ಮೂಲಕ ಹರಿಯುತ್ತದೆ, ಸ್ಪ್ಯಾನರ್ ಅಲ್ಲೇ ಬೆಸುಗೆಯಾಗಿ ಅಂಟಿಕೊಳ್ಳುತ್ತದೆ. ಮೈನಸ್ ಮೊದಲೇ ಬಿಚ್ಚಿದ್ದರೆ ತಗುಲಿದರೂ ಏನಾಗುವುದಿಲ್ಲ. ನಟ್ ಪೂರ್ತಿ ಬಿಚ್ಚಬೇಕಿಲ್ಲ, ನಾಲ್ಕೈದು ಸುತ್ತು ಸಡಿಲಿಸಿ ಕ್ಲ್ಯಾಂಪನ್ನು ಅತ್ತಿತ್ತ ತಿರುಗಿಸುತ್ತಾ ಮೇಲೆತ್ತಿ. ಬರದಿದ್ದರೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಸೀಸದ ಕಂಬ ಬುಡದಲ್ಲೇ ಅಲುಗಾಡಿ ಆಸಿಡ್ ಸೋರುತ್ತದೆ. ಬಿಚ್ಚಿದ ಕೇಬಲ್ ಹಳೆಯ ಕಾಲುಚೀಲದೊಳಗೆ ತೂರಿಸಿ ಪಕ್ಕಕ್ಕೆ ಬಾಗಿಸಿಡಿ. ಅದು ಸ್ಪ್ರಿಂಗಿನಂತೆ ಮೆಲ್ಲಗೆ ವಾಪಸ್ ಬಂದು ಕಂಬಕ್ಕೆ ತಾಗುವುದುಂಟು.

ಹೀಗೆ ಬಿಚ್ಚಿಟ್ಟ, ತುಂಬಿದ ಬ್ಯಾಟರಿ ಎರಡು-ಮೂರು ತಿಂಗಳು ಆರಾಮವಾಗಿ ತಾಳುತ್ತದೆ. ಅರ್ಧ ಇಳಿದದ್ದನ್ನು ಬಿಚ್ಚಿಟ್ಟರೆ ಮಾತ್ರ ಪ್ರಯೋಜನವಿಲ್ಲ, ಸಲ್ಫೇಷನ್‌ಗೆ ಕೇಬಲ್ ಬೇಕಾಗಿಲ್ಲ. ಮತ್ತೆ ಜೋಡಿಸಿದ ಮೇಲೆ ಪವರ್ ವಿಂಡೋಗಳ ಆಟೊ ಮರೆತುಹೋಗಿರುತ್ತದೆ. ಹೆಚ್ಚಿನ ಕಾರುಗಳಲ್ಲಿ ಗಾಜು ಪೂರ್ತಿ ಏರಿಸಿ ಬಟನನ್ನು ಕೆಲ ಸೆಕೆಂಡ್ ಎಳೆದು ಹಿಡಿದರೆ ಸರಿಹೋಗುತ್ತದೆ. ಐಡ್ಲಿಂಗ್ ಮೊದಲ ಕೆಲವು ಕಿಲೋಮೀಟರ್ ಏರುಪೇರಾಗಬಹುದು, ಗಾಬರಿಯಾಗಬೇಡಿ.

ಬ್ಯಾಟರಿ ಹೊರಗೆ ತೆಗೆದಿಟ್ಟರೆ ಸಿಮೆಂಟ್ ನೆಲದ ಮೇಲೆ ಇಡಬಾರದು, ಇಳಿಯುತ್ತದೆ ಎಂದು ಈಗಲೂ ಹೇಳುವವರಿದ್ದಾರೆ. ಗಟ್ಟಿ ರಬ್ಬರ್ ಪೆಟ್ಟಿಗೆಯ ಕಾಲದ ಮಾತದು. ಈಗಿನ ಪಾಲಿಪ್ರೊಪಿಲೀನ್ ಪೆಟ್ಟಿಗೆಯ ಬ್ಯಾಟರಿ ಎಲ್ಲಿಟ್ಟರೂ ಒಂದೇ.

ಎರಡೇ ದಿನಕ್ಕೆ ಇಳಿದರೆ

ತುಂಬಿಸಿದ ಬ್ಯಾಟರಿ ವಾರದೊಳಗೆ ಇಳಿದರೆ ಎಲ್ಲೋ ಕರೆಂಟ್ ಸೋರುತ್ತಿದೆ, ಇಲ್ಲವೇ ಬ್ಯಾಟರಿಯೇ ಕೆಟ್ಟಿದೆ. ಹುಡುಕುವುದು ಹೀಗೆ.

ಮೀಟರ್‌ನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಬದಲಿಸಿ. ಬಾನೆಟ್ ತೆರೆದಿಡಿ, ಬಾನೆಟ್ ಲಾಚ್‌ಗೆ ಸ್ವಿಚ್ ಇದ್ದರೆ ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿದಂತೆ ಮಾಡಿ. ಚಾಲಕನ ಬಾಗಿಲು ತೆರೆದಿಟ್ಟು ಅದರ ಲಾಚನ್ನೂ ಹಾಗೆಯೇ ಮುಚ್ಚಿ, ಇಲ್ಲದಿದ್ದರೆ ಫ್ಯೂಸ್ ಬಾಕ್ಸ್ ತಲುಪಲು ಬಾಗಿಲು ತೆರೆದಾಗ ಎಲ್ಲ ಎಚ್ಚರವಾಗುತ್ತದೆ. ಮೈನಸ್ ಕೇಬಲ್ ಬಿಚ್ಚಿ, ಕೇಬಲ್ ಮತ್ತು ಕಂಬದ ನಡುವೆ ಮೀಟರ್ ಜೋಡಿಸಿ. ಮೊದಲು ಕೆಲವು ಆಂಪಿಯರ್ ತೋರಿಸಿ, ನಿಧಾನವಾಗಿ ಇಳಿಯುತ್ತದೆ. ಅರ್ಧ ಗಂಟೆ ಬಿಟ್ಟು ಓದಿ. 0.05ಕ್ಕಿಂತ ಕೆಳಗಿದ್ದರೆ ಕಾರು ನಿರಪರಾಧಿ, ಬ್ಯಾಟರಿಯೇ ಮುದಿಯಾಗಿದೆ. 0.2, 0.4 ಎಂದು ನಿಂತರೆ ಕಳ್ಳ ಒಳಗಿದ್ದಾನೆ. ಮೀಟರ್ ಜೋಡಿಸಿರುವಾಗ ಯಾವ ಕಾರಣಕ್ಕೂ ಸೆಲ್ಫ್ ಹೊಡೆಯಬೇಡಿ, ಮೀಟರ್‌ನ ಫ್ಯೂಸ್ ಸುಡುತ್ತದೆ.

ಇನ್ನು ಒಂದೊಂದೇ ಫ್ಯೂಸ್ ಕಿತ್ತು ನೋಡುವುದು ಹಳೆಯ ವಿಧಾನ. ಕಿತ್ತು ಹಾಕುವಾಗ ಯಾವುದೋ ಇಸಿಯು ಎಚ್ಚರಗೊಂಡು ಲೆಕ್ಕ ತಪ್ಪುತ್ತದೆ. ಅದಕ್ಕಿಂತ ಚೊಕ್ಕ ದಾರಿಯೊಂದಿದೆ. ಕೇಬಲ್ ವಾಪಸ್ ಹಾಕಿ, ಕಾರು ಮತ್ತೆ ಮಲಗುವವರೆಗೆ ಕಾದು, ಮೀಟರ್‌ನ ಕೆಂಪು ವೈರನ್ನು ವೋಲ್ಟ್ ತೂತಿಗೆ ಬದಲಿಸಿ ಮಿಲಿವೋಲ್ಟ್‌ಗೆ ಇಡಿ. (ವೈರ್ ಬದಲಿಸಲು ಮರೆತು ಬ್ಯಾಟರಿ ವೋಲ್ಟೇಜ್ ಅಳೆಯಹೋದರೆ ನೇರ ಶಾರ್ಟ್ ಸರ್ಕ್ಯೂಟ್.) ಬ್ಲೇಡ್ ಫ್ಯೂಸ್‌ನ ತಲೆಯ ಮೇಲೆ ಎರಡು ಪುಟ್ಟ ಲೋಹದ ಚುಕ್ಕೆಗಳಿವೆಯಲ್ಲ, ಎರಡಕ್ಕೂ ಕಡ್ಡಿ ಮುಟ್ಟಿಸಿ. 0.0 ಬಂದರೆ ಆ ದಾರಿಯಲ್ಲಿ ಹೇಳಿಕೊಳ್ಳುವಂಥ ಕರೆಂಟ್ ಇಲ್ಲ. 1 ಮಿಲಿವೋಲ್ಟ್ ಹತ್ತಿರ ತೋರಿಸುವ ಫ್ಯೂಸ್ ಸಿಕ್ಕಿತೋ, ಅದರ ಮೇಲೆ ಏನೇನಿದೆ ಎಂದು ಫ್ಯೂಸ್ ಪಟ್ಟಿ ನೋಡಿ. ಹೆಚ್ಚಾಗಿ ಸಿಕ್ಕಿಬೀಳುವುದು ಹೊರಗಿನಿಂದ ಹಾಕಿಸಿದ ಸ್ಟೀರಿಯೊ ಮತ್ತು ಆಂಪ್ಲಿಫೈಯರ್, ಜಿಪಿಎಸ್ ಟ್ರ್ಯಾಕರ್, ಆರದ ಡಿಕ್ಕಿ ಅಥವಾ ಗ್ಲೋವ್ ಬಾಕ್ಸ್ ದೀಪ. ಯಾವ ಫ್ಯೂಸ್‌ನಲ್ಲೂ ಇಲ್ಲದೆ ಕರೆಂಟ್ ಹೋಗುತ್ತಿದ್ದರೆ ಆಲ್ಟರ್ನೇಟರ್‌ನ ಡಯೋಡ್ ಕೆಟ್ಟಿರಬಹುದು. ಅದರ ದಪ್ಪ ವೈರ್ ಈ ಫ್ಯೂಸ್ ಬಾಕ್ಸ್ ಮೂಲಕ ಹಾದುಹೋಗಿರುವುದಿಲ್ಲ.

ಬ್ಯಾಟರಿಯ ತಲೆ ಕೊಳಕಾಗಿದ್ದರೂ ಸೋರುತ್ತದೆ. ಮೀಟರ್‌ನ ಕಪ್ಪು ಕಡ್ಡಿ ಮೈನಸ್‌ಗೆ ಹಿಡಿದು ಕೆಂಪು ಕಡ್ಡಿಯನ್ನು ಬರೀ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಎಳೆದಾಡಿ ನೋಡಿ. ಒಂದೆರಡು ವೋಲ್ಟ್ ತೋರಿಸಿದರೆ ಆಸಿಡ್ ಬೆರೆತ ಧೂಳೇ ವೈರಿನ ಕೆಲಸ ಮಾಡುತ್ತಿದೆ. ಒಂದು ಲೋಟ ಬೆಚ್ಚಗಿನ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿ, ಹಳೆಯ ಟೂತ್‌ಬ್ರಶ್‌ನಿಂದ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಸೋಡಾ ನೀರು ಸೆಲ್ ಮುಚ್ಚಳಗಳೊಳಗೆ ಇಳಿಯಬಾರದು. ಟರ್ಮಿನಲ್‌ಗೆ ಕೇಬಲ್ ಬಿಗಿದ ಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ.

ಮುಚ್ಚಳ ತೆರೆಯುವ ಬ್ಯಾಟರಿಯಾದರೆ ನೀರು ನೋಡಿ. ಡಿಸ್ಟಿಲ್ಡ್ ವಾಟರ್ ಮಾತ್ರ, ಆಸಿಡ್ ಬೇಡ. ಪ್ಲೇಟ್ ಮುಳುಗುವಷ್ಟು ಹಾಕಿ ಚಾರ್ಜ್ ಮಾಡಿ, ಪೂರ್ತಿ ಮಟ್ಟಕ್ಕೆ ತುಂಬಿಸುವುದು ಚಾರ್ಜ್ ಆದ ಮೇಲೆ. ಮೊದಲೇ ತುಂಬಿಸಿದರೆ ಚಾರ್ಜ್ ಆಗುವಾಗ ಉಬ್ಬಿ ಹೊರಗೆ ಚೆಲ್ಲುತ್ತದೆ.

ಹೈಬ್ರಿಡ್, ಎಲೆಕ್ಟ್ರಿಕ್ ಕಾರು

ದೊಡ್ಡ ಬ್ಯಾಟರಿ ತುಂಬಿದ್ದರೂ ಇವು ‘ಸ್ಟಾರ್ಟ್’ ಆಗಲು ಸಣ್ಣ 12 ವೋಲ್ಟ್ ಬ್ಯಾಟರಿ ಬೇಕೇ ಬೇಕು. ಅದು ಇಳಿದರೆ ಕಾರು ಕಲ್ಲಿನಂತೆ ಕೂರುತ್ತದೆ. ಆದರೆ ತುಂಬಿಸುವುದು ಸುಲಭ: ಕಾರನ್ನು ‘ರೆಡಿ’ ಸ್ಥಿತಿಯಲ್ಲಿ ಒಂದು ಗಂಟೆ ಬಿಟ್ಟರೆ ದೊಡ್ಡ ಬ್ಯಾಟರಿ ಸಣ್ಣದನ್ನು ತುಂಬಿಸುತ್ತದೆ. ಬರೀ ಆಕ್ಸೆಸರಿ ಆನ್ ಮಾಡಿ ಕೂತರೆ ಉಲ್ಟಾ ಇಳಿಯುತ್ತದೆ. ಕಿತ್ತಳೆ ಬಣ್ಣದ (ದೊಡ್ಡ ಬ್ಯಾಟರಿಯ ಹೈ ವೋಲ್ಟೇಜ್) ವೈರ್‌ಗಳ ತಂಟೆಗೆ ಹೋಗಬೇಡಿ.

ಪೂರ್ತಿ ಇಳಿದೇ ಹೋಗಿದ್ದರೆ

ಜಂಪ್ ಕೊಡುವ ಕ್ರಮ: ಕೆಂಪು ಇಳಿದ ಬ್ಯಾಟರಿಯ ಪ್ಲಸ್‌ಗೆ, ಕೆಂಪಿನ ಇನ್ನೊಂದು ತುದಿ ಒಳ್ಳೆಯದರ ಪ್ಲಸ್‌ಗೆ, ಕಪ್ಪು ಒಳ್ಳೆಯದರ ಮೈನಸ್‌ಗೆ, ಕೊನೆಯ ಕಪ್ಪು ಇಳಿದ ಕಾರಿನ ಇಂಜಿನ್ ಲೋಹಕ್ಕೆ. ಐದು ನಿಮಿಷ ಒಳ್ಳೆಯ ಕಾರನ್ನು ಓಡಲು ಬಿಟ್ಟು ಸೆಲ್ಫ್ ಹೊಡೆಯಿರಿ. ಎದ್ದರೆ ಸಂತೋಷ, ಆದರೆ ಕೆಲಸ ಮುಗಿದಿಲ್ಲ. ಖಾಲಿ ಬ್ಯಾಟರಿಯನ್ನು ಪೂರ್ತಿ ತುಂಬಿಸಲು ಆಲ್ಟರ್ನೇಟರ್‌ಗೆ ಒಂದು ಪ್ರಯಾಣ ಸಾಲದು. ಮನೆಗೆ ತಂದು ರಾತ್ರಿಯಿಡೀ ಚಾರ್ಜರ್‌ಗೆ ಹಾಕಿ. ಹಿಮ ಬೀಳುವ ಜಾಗದಲ್ಲಿ ಇಳಿದ ಬ್ಯಾಟರಿ ಒಳಗೇ ಹೆಪ್ಪುಗಟ್ಟಿರಬಹುದು. ಪೆಟ್ಟಿಗೆ ಉಬ್ಬಿದ್ದರೆ ಜಂಪ್ ಕೂಡ ಕೊಡಬೇಡಿ, ಚಾರ್ಜರ್‌ಗೂ ಹಾಕಬೇಡಿ.

ಸ್ಮಾರ್ಟ್ ಚಾರ್ಜರ್ ಕೆಲವೊಮ್ಮೆ ತೀರಾ ಇಳಿದ ಬ್ಯಾಟರಿಯನ್ನು ಗುರುತಿಸದೆ ಎರರ್ ತೋರಿಸುತ್ತದೆ. ಆಗ ಜಂಪರ್ ಕೇಬಲ್‌ನಲ್ಲಿ ಒಂದು ಒಳ್ಳೆಯ ಬ್ಯಾಟರಿಯನ್ನು ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಜೋಡಿಸಿ ಹತ್ತು ನಿಮಿಷ ಬಿಡಿ. ಜಂಪರ್ ಕೇಬಲ್ ತೆಗೆದು ಚಾರ್ಜರ್ ಮತ್ತೆ ಹಾಕಿದರೆ ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತದೆ.

ಪೂರ್ತಿ ಚಾರ್ಜ್ ಆದ ಮೇಲೆ ಹನ್ನೆರಡು ಗಂಟೆ ಬಿಟ್ಟು ಅಳೆಯಿರಿ. 12.6 ಇದ್ದು, ಸೆಲ್ಫ್ ಹೊಡೆಯುವಾಗ 9.6 ವೋಲ್ಟ್‌ಗಿಂತ ಕೆಳಗೆ ಬೀಳದಿದ್ದರೆ ಬ್ಯಾಟರಿ ಬದುಕಿದೆ. 12.4ಕ್ಕೇ ನಿಂತರೆ ಸಲ್ಫೇಷನ್ ಒಂದಿಷ್ಟು ತಿಂದಿದೆ, ಇನ್ನು ಕೆಲವು ತಿಂಗಳು ತಳ್ಳಬಹುದು. ಎಷ್ಟು ಚಾರ್ಜ್ ಮಾಡಿದರೂ 10.5 ಆಸುಪಾಸಿನಲ್ಲೇ ನಿಂತರೆ ಆರು ಸೆಲ್‌ಗಳಲ್ಲಿ ಒಂದು ಒಳಗೇ ಶಾರ್ಟ್ ಆಗಿದೆ. ಅದಕ್ಕೆ ಔಷಧಿಯಿಲ್ಲ, ಹೊಸದು ತನ್ನಿ. ಹಳೆಯದು ಎಜಿಎಂ ಆಗಿದ್ದರೆ ಹೊಸದೂ ಎಜಿಎಂ ಆಗಿರಲಿ, ಬದಲಿಸಿದ್ದನ್ನು ಸ್ಕ್ಯಾನರ್‌ನಲ್ಲಿ ಕಾರಿಗೆ ತಿಳಿಸಬೇಕಾದ ಮಾದರಿಯಾದರೆ ಅದನ್ನೂ ಮಾಡಿಸಿ.